ನೀರು ಹಾಕಿದವನು

ಹಾಲಸಿದ್ದಪ್ಪ ಮಾಳಿಗೆಯ ಬಾಗಿಲಿಗೆ ಬೀಗ ಜಡಿದು, ಕೀಲಿಯನ್ನು ಅಂಗಿಯ ಒಳಜೇಬಿಗೆ ತುರುಕಿಕೊಳ್ಳುವಷ್ಟರಲ್ಲಿ ಮಗ ವೀರೇಂದ್ರ ಅರ್ಧ ಮೆಟ್ಟಿಲು ಹತ್ತಿ ಬಂದಿದ್ದ.

“ಅಪ್ಪಾ, ಶಾಮಿಯಾನದವ್ರು ಬಂದಾರ. ಹಗ್ಗ ಮಾಳಗಿ ಮ್ಯಾಲಿನ ಕಂಬಕ್ಕ ಕಟ್ಟಬೇಕಂತ. ಬಾಗ್ಲಾ ತಗಿ.”

“ಬೇವಿನ ಗಿಡಕ್ಕ ಕಟ್ಟಂತ ಹೇಳು.”

“ಅಲ್ಲಿಂದ ಎಟಕಂಗಿಲ್ಲಪಾ.”

“ಎಟಕಲಿಲ್ಲಂದ್ರ ಮಂದಿ ಬಿಸಲಾಗ ಕುಂದ್ರತಾರ. ಮ್ಯಾಲ ಯಾರೂ ಹೋಗಬಾರ್ದು ಅಂದ್ರ ಹೋಗಬಾರ್ದು!”

ಬ್ಯಾಡಗಿಯ ಮೆಣಸಿನಕಾಯಿ ಯಾರ್ಡಿನಲ್ಲಿ ಹಮಾಲರ ಮೇಲೆ, ಲಾರಿಯವರ ಮೇಲೆ ಕೂಗಾಡಿ ಕೂಗಾಡಿ ಒರಟಾದ ದನಿ ಅವನದು. ಆ ದನಿ ಇವತ್ತು ನಡುಗಿತು. ಅವ್ವ ಸತ್ತ ಸಂಕಟ, ಇರಲಿ ಎಂದುಕೊಂಡು ವೀರೇಂದ್ರ ಇಳಿದುಹೋದ. ಹಾಲಸಿದ್ದಪ್ಪನಿಗೆ ಸಂಕಟ ಇರಲಿಲ್ಲವೆಂದಲ್ಲ. ಆದರೆ ಅದನ್ನೂ ಹಿಂದಕ್ಕೆ ತಳ್ಳಿ ಮುಂದೆ ಬಂದು ನಿಂತಿದ್ದದ್ದು ಹೆದರಿಕೆ.

ಕೆಳಗೆ ಪಡಸಾಲೆಯಲ್ಲಿ ಅವನ ಹೆಂಡತಿ ಸುಶೀಲವ್ವನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆಯ ತುಂಬ ವಿಭೂತಿ, ನಡುವೆ ಕುಂಕುಮ, ಹಸಿರು ಸೀರೆ, ಕೈತುಂಬ ಹಸಿರು ಬಳೆ. ತಲೆ ವಾಲದಿರಲೆಂದು ಗಲ್ಲಕ್ಕೊಂದು ಬಿಳಿ ಬಟ್ಟೆ ಬಿಗಿದಿದ್ದರು. ಮೂಲೆಯಲ್ಲಿ ಭಜನೆಯವರು ತಾಳ ಹಿಡಿದು ಕೂತಿದ್ದರು. ಬಂದವರೆಲ್ಲ ಬಾಯಿಗೆ ಸೆರಗು ಒತ್ತಿಕೊಂಡು ಒಂದೇ ಮಾತು: “ಮುತ್ತೈದಿ ಸಾವು, ಪುಣ್ಯಾ ಮಾಡಿದ್ಲು.” ಎಂಥ ಪುಣ್ಯವೋ! ಹೊಟ್ಟೆಯಲ್ಲಿ ಗಂಟು ಎಂದು ಗೊತ್ತಾದದ್ದು ಸಂಕ್ರಾಂತಿ ಕಳೆದ ಮೇಲೆ. ಹುಬ್ಬಳ್ಳಿಯ ಆಸ್ಪತ್ರೆಯವರು ಇನ್ನು ಮನೆಗೆ ಕರಕೊಂಡು ಹೋಗಿ ಅಂದದ್ದು ಶಿವರಾತ್ರಿಗೆ. ಕಿಟಕಿಯ ಪಕ್ಕದ ಮಂಚದ ಮೇಲೆ ಮಲಗಿದವಳು ಈ ಮೇ ತಿಂಗಳ ಧಗೆಯಲ್ಲಿ, ಇವತ್ತು ನಸುಕಿನಲ್ಲಿ, ಯಾರನ್ನೂ ಎಬ್ಬಿಸದೆ ಹೋಗಿಬಿಟ್ಟಿದ್ದಳು. ಅವಳನ್ನು ಎತ್ತಿ ಕೂರಿಸುವಾಗ ದಿಂಬಿನ ಬುಡದಲ್ಲಿ ಮುಳ್ಳು ತೆಗೆಯುವ ಪುಟ್ಟ ಚಿಮಟಿಗೆ ಸಿಕ್ಕಿತ್ತು. ಸೊಸೆ ಐಶ್ವರ್ಯ ಅದನ್ನು ಕಿಟಕಿಯ ಕಟ್ಟೆಯ ಮೇಲೆ, ಅಲ್ಲಿದ್ದ ಒಂದು ಕಳ್ಳಿ ಗಿಡದ ಕುಂಡದ ಪಕ್ಕ ಇಟ್ಟಿದ್ದಳು. ಆ ಗಿಡದ ನೆತ್ತಿಯ ಮೇಲೆ ಗುಲಾಬಿ ಬಣ್ಣದ ಹೂವೊಂದು ಅರಳಿಕೊಂಡಿತ್ತು.

ಬೀಗ ಹಾಕಿದ ಬಾಗಿಲ ಹಿಂದೆ ಇದ್ದದ್ದೂ ಸುಶೀಲವ್ವನ ಕಳ್ಳಿ ಗಿಡಗಳೇ. ಇದ್ದವು ಅನ್ನಬೇಕೋ ಬೇಡವೋ. ಕುಂಡಗಳಿದ್ದವು, ಅಷ್ಟು ನಿಜ. ಅವಳು ಹತ್ತು ವರ್ಷ ಸಾಕಿದ ಒಂದೊಂದು ಗಿಡವೂ ಕೊಳೆತು ಹೋಗಿತ್ತು. ಕೊಳೆಸಿದವನು ಹಾಲಸಿದ್ದಪ್ಪ. ಅದು ಅವಳಿಗೆ ಗೊತ್ತಾಗದೆ ಹೋಯಿತು ಎಂಬುದೊಂದೇ ಅವನಿಗಿದ್ದ ಸಮಾಧಾನ. ಆದರೆ ಮಣ್ಣಿನಲ್ಲಿ ಇಡುವ ತನಕ ಸತ್ತವರಿಗೆ ಕಿವಿ ಕೇಳುತ್ತಿರುತ್ತದೆ ಎಂದು ಅವನ ತಾಯಿ ಹೇಳುತ್ತಿದ್ದಳು. ಅದನ್ನು ಅವನು ನಂಬಿದ್ದನೋ ಇಲ್ಲವೋ, ಇವತ್ತಂತೂ ನಂಬಿದ್ದ. ಮಧ್ಯಾಹ್ನದ ಮಣ್ಣು ಮುಗಿಯುವವರೆಗೆ ಯಾರೂ ಮೇಲೆ ಹತ್ತಬಾರದು. ಅಯ್ಯೋ ಗಿಡ ಸತ್ತಾವು ಎಂದು ಅವಳ ಮುಂದೆ ಯಾರೂ ಬಾಯಿಬಿಡಬಾರದು. ಆಮೇಲೆ ಬೇಕಾದರೆ ಆಕಾಶವೇ ಕಳಚಿ ಬೀಳಲಿ.

ಆದರೆ ಬೆಳಿಗ್ಗೆಯೇ ಹಾವೇರಿಯಿಂದ ಫೋನು ಬಂದಿತ್ತು.

“ಅಣ್ಣಾರ, ನಾ ಅರುಣಾ ಟೀಚರ್. ನಾವೆಲ್ಲಾ ಹೊಂಟೇವ್ರಿ. ನಮ್ಮ ಕಳ್ಳಿ ಬಳಗದಾಗ ಒಂದ ಪದ್ಧತಿ ಮಾಡ್ಕೊಂಡೇವಿ. ಹೋದವ್ರ ಗಿಡದ್ದ ಒಂದ ಮರಿ ಅವರ ಜೋಡಿ ಕಳಸ್ತೇವಿ. ಸುಶೀಲವ್ವನ ಉಡ್ಯಾಗ ಆಕಿ ಆ ದೊಡ್ಡ ಕಳ್ಳಿ, ಗುಂಡವ್ವನ ಮರೀನ ಹಾಕೂಣು.”

---

ಹತ್ತು ವರ್ಷದ ಹಿಂದೆ ಅವಳನ್ನು ಆ ಬಳಗಕ್ಕೆ ಸೇರಿಸಲು ಹಾವೇರಿಗೆ ಜೀಪಿನಲ್ಲಿ ಕರಕೊಂಡು ಹೋದವನು ಹಾಲಸಿದ್ದಪ್ಪನೇ. ಸುಶೀಲವ್ವನ ತೊಡೆಯ ಮೇಲೆ ಒಂದು ಕುಂಡ, ಕುಂಡದಲ್ಲಿ ಒಣಗಿ ಕಡ್ಡಿಯಾದ ಒಂದು ಕಳ್ಳಿ.

“ಸತ್ತ ಗಿಡಾ ಯಾಕ ಹೊತಗೊಂಡ ಹೊಂಟೀದಿ?”

“ಅದ ಫೀಜಂತ್ರಿ. ಕೈಯಾರೆ ಕೊಂದ ಒಂದ ಗಿಡಾ ತರಬೇಕಂತ. ಹೆಂಗ ಕೊಂದೆ ಅಂತ ಎಲ್ಲಾರ ಮುಂದ ಖರೇ ಹೇಳಿದ್ರ ಸೇರಸ್ಕೋತಾರಂತ.”

ಹಾಲಸಿದ್ದಪ್ಪ ಮೋಟೆಬೆನ್ನೂರು ದಾಟುವ ತನಕ ನಕ್ಕಿದ್ದ. ಹೆಣ ತಗೊಂಡು ಒಳಗೆ ಬಿಡುವ ಸಂಘವನ್ನು ಅವನು ಎಲ್ಲಿಯೂ ಕಂಡಿರಲಿಲ್ಲ. ಅರುಣಾ ಟೀಚರ ಮನೆಯ ಮಾಳಿಗೆಯಲ್ಲಿ ಹದಿನೈದಿಪ್ಪತ್ತು ಮಂದಿ ಚಾಪೆಯ ಮೇಲೆ ಕೂತಿದ್ದರು. ಸುತ್ತ ಎಲ್ಲಿ ನೋಡಿದರೂ ಮುಳ್ಳು: ಗುಂಡಗಿದ್ದದ್ದು, ಉದ್ದಗಿದ್ದದ್ದು, ಬೆಕ್ಕಿನ ಬಾಲದಂತೆ ಜೋತುಬಿದ್ದದ್ದು. ಹೊಲದ ಬದುವಿಗೆ ಹಾಕುವ ಕಳ್ಳಿಗೆ ಈ ಪರಿ ಉಪಚಾರವೇ ಎಂದು ಅವನಿಗೆ ಸೋಜಿಗ. ನಾಲ್ಕು ಜನರ ಮುಂದೆ ಎಂದೂ ನಿಂತು ಮಾತಾಡದ ಸುಶೀಲವ್ವ ಎದ್ದು ನಿಂತಳು. ಸೆರಗು ಸರಿಮಾಡಿಕೊಂಡಳು.

“ಬಿಸಲಾಗ ಪಾಪ ಸುಡತೈತಿ ಅಂತ ಇದನ್ನ ದೇವರ ಕೋಣ್ಯಾಗ ಇಟ್ನಿರಿ. ದಿನಾ ಕುಂಕುಮಾ ಹಚ್ಚತಿದ್ದೆ. ಬೆಳಕಿಲ್ಲದ ಸತ್ತಿತು. ನಾನ ಕೊಂದೇನ್ರಿ.”

ಯಾರೂ ನಗಲಿಲ್ಲ. ರಾಣೇಬೆನ್ನೂರಿನಿಂದ ಬಂದಿದ್ದ ಮಹಮೂದಾಬೇಗಂ, ಅಲ್ಲಿ ಟೇಲರಿಂಗ್ ಅಂಗಡಿ ಇಟ್ಟಾಕೆ, ಎದ್ದು ಬಂದು ಸುಶೀಲವ್ವನ ಕೈಗೆ ಒಂದು ಸಣ್ಣ ಕುಂಡ ಇಟ್ಟಳು. ಲಿಂಬೆಹಣ್ಣಿನಷ್ಟು ದೊಡ್ಡ ಗಿಡ, ಬಂಗಾರದ ಬಣ್ಣದ ಮುಳ್ಳು. ಅದೇ ಮುಂದೆ ಬೆಳೆದು, ಒಂದು ಕೊಡದಷ್ಟು ಗುಂಡಗಾಗಿ, ಗುಂಡವ್ವ ಎಂದು ಹೆಸರು ಪಡೆಯಿತು.

“ನೀವೂ ಸೇರ್ರಿ ಅಣ್ಣಾರ,” ಎಂದಿದ್ದರು ಅರುಣಾ ಟೀಚರು.

“ನಮ್ಮ ಹೊಲದಾಗ ಒಣಗಿದ್ದ ಮೆಣಸಿನ ಗಿಡಾ ಬೇಕಾದಷ್ಟ ಅದಾವ್ರಿ. ತರಲೇನು?”

“ಅವು ನಡ್ಯಂಗಿಲ್ರಿ. ಅಂಥಾದ್ದಲ್ಲ,” ಎಂದು ಟೀಚರು ನಕ್ಕಿದ್ದರು. “ಜೀವಾ ಇಟ್ಟ ಸಾಕಿದ್ದು, ನಿಮ್ಮ ಕೈಯಾರೆ ಸತ್ತದ್ದು ಬೇಕು.”

ಬರುವಾಗ ದಾರಿಯಲ್ಲಿ, ಈ ಮುಳ್ಳಿನಲ್ಲಿ ಏನು ಕಂಡೆ ಮಾರಾಯ್ತಿ ಎಂದು ಕೇಳಿದ್ದಕ್ಕೆ ಸುಶೀಲವ್ವ ಕುಂಡದಿಂದ ಕಣ್ಣೆತ್ತದೆ ಹೇಳಿದ್ದಳು: “ಮನ್ಯಾಗ ಎಲ್ಲಾರೂ ಕೇಳೋರ. ಚಾ ಕೊಡು, ಟಾವೆಲ್ ಕೊಡು, ಕೀಲಿ ಎಲ್ಲೈತಿ, ಬುತ್ತಿ ಎಲ್ಲೈತಿ. ಇವು ಏನೂ ಕೇಳಂಗಿಲ್ರಿ.”

ಹಾಲಸಿದ್ದಪ್ಪ ಅದನ್ನು ತಮಾಷೆ ಎಂದುಕೊಂಡು ಗೇರು ಬದಲಿಸಿದ್ದ.

---

ಬಳಗದವರು ಬಂದಾಗ ಬಿಸಿಲು ನೆತ್ತಿಗೆ ಏರಿತ್ತು. ಅಂಗಳದಲ್ಲಿ ಬಾಳೆಕಂಬ ಕಟ್ಟಿ, ಚೆಂಡುಹೂವಿನ ಮಾಲೆ ಬಿಗಿದು ಅವಳನ್ನು ಹೊತ್ತೊಯ್ಯುವ ವಿಮಾನ ಸಿದ್ಧವಾಗುತ್ತಿತ್ತು. ಅರುಣಾ ಟೀಚರು ಬಂದವರೇ ಸುಶೀಲವ್ವನ ಪಾದ ಮುಟ್ಟಿ ಅಲ್ಲೇ ಕುಸಿದು ಕೂತರು. ಮಹಮೂದಾಬೇಗಂ ಬಾಗಿಲ ಹತ್ತಿರವೇ ನಿಂತು, ಅಕ್ಕಾ, ಒಂದ ಫೋನರ ಮಾಡಬಾರದಾಗಿತ್ತೇನ ಎಂದು ಬಿಕ್ಕಿದಳು. ಎರಡು ತಿಂಗಳಿಂದ ಸುಶೀಲವ್ವ ಯಾರಿಗೂ ಫೋನು ಮಾಡಿರಲಿಲ್ಲ. ಬರುತ್ತೇವೆ ಅಂದವರಿಗೆ, ಆಕಿಗೆ ಮಂದಿ ಬಂದ್ರ ದಣಿವಾಗತೈತಿ ಎಂದು ಹಾಲಸಿದ್ದಪ್ಪನೇ ಬಾಗಿಲು ಹಾಕಿದ್ದ. ಬಂದರೆ ಮಾಳಿಗೆ ಹತ್ತದೆ ಬಿಡುತ್ತಿದ್ದರೇ?

ಉಡಿ ತುಂಬುವ ಹೊತ್ತಾಯಿತು. ಅಕ್ಕಿ, ಕೊಬ್ಬರಿ, ಅರಿಶಿನಕೊಂಬು, ಕುಬಸದ ಕಣ ಎಲ್ಲ ಹರಿವಾಣದಲ್ಲಿತ್ತು. ಟೀಚರು ಎದ್ದರು.

“ಅಣ್ಣಾರ, ಮ್ಯಾಲ ಹೋಗಿ ಒಂದ ಮರಿ ತರ್ತೇನ್ರಿ.”

ಹಾಲಸಿದ್ದಪ್ಪ ಮೆಟ್ಟಿಲಿಗೆ ಅಡ್ಡ ಬಂದು ನಿಂತ. ಅಷ್ಟರಲ್ಲಿ ಗುತ್ತಲದಿಂದ ಬಂದಿದ್ದ ಅವನ ಅಕ್ಕ ಹರಿವಾಣ ಹಿಡಿದುಕೊಂಡೇ ತಿರುಗಿದಳು.

“ಏನ ಮರೀವಾ? ಎದರದು?”

“ಕಳ್ಳೀದ್ರಿ ಅಮ್ಮಾ. ಆಕಿ ಸಾಕಿದ್ದು. ಉಡ್ಯಾಗ ಹಾಕಿ ಕಳಸೂಣಂತ.”

“ಶಿವ ಶಿವಾ! ಮುತ್ತೈದಿ ಉಡ್ಯಾಗ ಮುಳ್ಳ ಹಾಕತಾರೇನ? ಯಾವ ಸೀಮಿ ಪದ್ಧತಿ ಇದು? ಮೊದಲಿಂದ ಬಡಕೊಂಡೆ, ಮನ್ಯಾಗ ಮುಳ್ಳ ಇಡಬ್ಯಾಡ್ರೋ ಅಂತ. ಕಡೀಕ ಆಕೀನ ತಿಂದುವಲ್ಲ! ತಮ್ಮಾ, ನೀನರ ಹೇಳು ಒಂದ ಮಾತ.”

ಎಲ್ಲರೂ ಹಾಲಸಿದ್ದಪ್ಪನನ್ನು ನೋಡಿದರು. ಈ ಅಕ್ಕನ ಬಾಯಿಗೆ ಹೆದರಿ ಸುಶೀಲವ್ವ ಗುಂಡವ್ವನನ್ನು ನೀರಿನ ಟಾಕಿಯ ಹಿಂದೆ ಬಚ್ಚಿಟ್ಟದ್ದು ಅವನಿಗೆ ಗೊತ್ತಿತ್ತು. ಒಂದು ಸಲವಾದರೂ ಹೆಂಡತಿಯ ಪರ ನಿಂತು ಮಾತಾಡಿದವನಲ್ಲ. ಇವತ್ತು ಮಾತಾಡಬೇಕಿತ್ತು. ಅವಳು ಎದುರಿಗೇ ಕೂತಿದ್ದಳು.

“ಅಕ್ಕ ಹೇಳೂದ ಬರೋಬ್ಬರಿ ಐತ್ರಿ,” ಅಂದ. “ಮುಳ್ಳ ಬ್ಯಾಡ.”

ಮಹಮೂದಾಬೇಗಂ ಕಣ್ಣೊರೆಸಿಕೊಂಡಳು. “ಉಡ್ಯಾಗ ಬ್ಯಾಡಾದ್ರ ಬಾಜೂಕರ ಇಡ್ತೇವ್ರಿ. ಕೀಲಿ ಕೊಡ್ರಿ, ನಾನ ಒಬ್ಬಾಕಿ ಹೋಗಿ ಲಗೂ ಬರ್ತೇನಿ.”

“ಕೀಲಿ ಕಳದೈತಿ.”

ಒಳಜೇಬಿನ ಕೀಲಿ ಎದೆಗೆ ಒತ್ತುತ್ತಿತ್ತು. ಅವನು ಧಡಧಡ ಕಿಟಕಿಯ ಹತ್ತಿರ ಹೋಗಿ ಅಲ್ಲಿದ್ದ ಕುಂಡ ಎತ್ತಿಕೊಂಡು ಬಂದ.

“ಇದನ್ನ ಇಡ್ರಿ ಬಾಜೂಕ. ಇದೂ ಆಕೀದ ಗಿಡ. ಮ್ಯಾಲಿಂದ ನಾನ ಇಳಿಸ್ಕೊಂಡ ಬಂದಿದ್ದೆ. ಹೂ ಬಿಟ್ಟಿತ್ತು. ನೋಡಿ ಭಾಳ ಖುಷಿ ಪಟ್ಲು. ಮ್ಯಾಲ ಎಲ್ಲಾ ಚೊಲೋ ಅದಾವು. ಎಲ್ಲಾ!”

ಕಡೆಯ ಮಾತನ್ನು ಅವನು ಬಳಗದವರಿಗೆ ಹೇಳಲಿಲ್ಲ. ಬಿಳಿ ಬಟ್ಟೆ ಬಿಗಿದ ಆ ಮುಖದ ಕಡೆ ತಿರುಗಿ ಜೋರಾಗಿ ಹೇಳಿದ. ಕೇಳಿದವರೆಲ್ಲ ಅತ್ತರು.

ಮಹಮೂದಾಬೇಗಂ ಹೂವನ್ನು ನೋಡಿದಳು, ಇನ್ನೊಮ್ಮೆ ಬಗ್ಗಿ ನೋಡಿದಳು. ಏನೋ ಹೇಳಲು ಬಾಯಿ ತೆರೆದಳು. ಟೀಚರು ಅವಳ ಮೊಣಕೈ ಹಿಡಿದು ಒತ್ತಿದರು. ಹಾಲಸಿದ್ದಪ್ಪನೇ ಕುಂಡವನ್ನು ಸುಶೀಲವ್ವನ ಪಕ್ಕ ಇಟ್ಟ; ಆದರೆ ವಿಮಾನ ಎತ್ತುವಾಗ ಅಕ್ಕ ಅದನ್ನು ತೆಗೆದು ಮತ್ತೆ ಕಿಟಕಿಗೇ ಇಟ್ಟಳು.

---

ಹುಬ್ಬಳ್ಳಿಯಿಂದ ಮನೆಗೆ ಬಂದ ದಿನವೇ ಸುಶೀಲವ್ವ ಹೇಳಿದ್ದಳು. “ನನಗ ಮ್ಯಾಲ ಹತ್ತಾಕ ಆಗಂಗಿಲ್ಲ. ಗಿಡಕ್ಕ ನೀವೇನೂ ಮಾಡಬ್ಯಾಡ್ರಿ. ಸುಮ್ಕ ಬಿಡ್ರಿ, ಅವು ಇರತಾವ.”

ಹಾಲಸಿದ್ದಪ್ಪ ಆ ಮಾತನ್ನು ರಾತ್ರಿಯೆಲ್ಲ ಮೆಲುಕು ಹಾಕಿದ. ಮದುವೆಯಾದ ದಿನದಿಂದ ಅವಳು ಹೇಳಿದ್ದೇ ಅದು. ಜಾತ್ರೆಗೆ ಹೊಸ ಸೀರೆ? ನನಗೇನ ಬ್ಯಾಡ್ರಿ. ಮೊಣಕಾಲು ನೋವಿಗೆ ಡಾಕ್ಟರು? ಏನ ಬ್ಯಾಡ್ರಿ, ಹೋಗತೈತಿ. ಅವಳು ಬೇಡ ಅಂದಳು, ಇವನು ಬಿಟ್ಟ. ಹೊಟ್ಟೆನೋವು ಅಂದಾಗಲೂ ಹಾಗೇ, ಏನಿಲ್ರಿ, ಪಿತ್ತ ಅಂದಳು. ಸೀಜನ್ನಿನ ಗದ್ದಲದಲ್ಲಿ ಇವನೂ ಹ್ಞೂಂ ಅಂದ. ಇನ್ನಾದರೂ ಅವಳ ‘ಬ್ಯಾಡ’ವನ್ನು ನಂಬಬಾರದು ಎಂದು ಆ ರಾತ್ರಿ ನಿಶ್ಚಯ ಮಾಡಿದ. ಒಮ್ಮೆಯಾದರೂ ಕೇಳದೆ ಕೊಡಬೇಕು.

ಮರುದಿನದಿಂದ ಮೆಣಸಿನಕಾಯಿ ಅಂಗಡಿ ಮಗನ ಪಾಲಾಯಿತು. ಯಾರ್ಡಿನಲ್ಲಿ ಕೆಂಪು ರಾಶಿ ಬಿದ್ದು ಊರೆಲ್ಲ ಸೀನುವ ಕಾಲದಲ್ಲಿ ಹಾಲಸಿದ್ದಪ್ಪ ಮಾಳಿಗೆಯ ಮೇಲೆ ಪೈಪು ಹಿಡಿದು ನಿಂತ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ನೀರು ಪೋಲಾಗದಿರಲಿ ಎಂದು ಒಂದೊಂದು ಕುಂಡದ ಕೆಳಗೂ ತಾಟು ಇಟ್ಟ. ಅಲ್ಲಿ ನಿಂತಷ್ಟು ಹೊತ್ತು ಕೆಳಗಿನ ನರಳಿಕೆ ಕೇಳುತ್ತಿರಲಿಲ್ಲ. ಕೈಗೊಂದು ಕೆಲಸವಿತ್ತು. ಅವಳಿಗೆ ಹೇಳಲಿಲ್ಲ. ಎದ್ದು ಓಡಾಡುವಂತಾದ ಮೇಲೆ ಕೈಹಿಡಿದು ಹತ್ತಿಸಿ ತೋರಿಸಬೇಕೆಂದಿದ್ದ. ಅಷ್ಟು ಆಸೆ ಇನ್ನೂ ಇತ್ತು, ಪಾಪ.

ಮೊದಮೊದಲು ಗಿಡಗಳು ಉಬ್ಬಿ ಹಸಿರಾದವು. ಆಮೇಲೆ ಒಂದೊಂದೇ ಹಳದಿಗೆ ತಿರುಗಿದವು. ಬಾಯಾರಿಕೆ ಎಂದು ಇನ್ನಷ್ಟು ನೀರು ಬಿಟ್ಟ. ಬೇಸಿಗೆಯ ಬಿಸಿಲಿಗೆ ಹೀಗಾಗುತ್ತಿದೆಯೆಂದು ಮಧ್ಯಾಹ್ನವೂ ಬಿಟ್ಟ. ಒಂದು ದಿನ ಉದ್ದನೆಯದೊಂದು ಮುಟ್ಟಿದ ಕೂಡಲೇ ಬುಡದಿಂದ ಕಳಚಿ ಅಡ್ಡಬಿತ್ತು. ಒಳಗೆಲ್ಲ ಕಂದು ಲೋಳೆ. ಗುಂಡವ್ವ ಮಾತ್ರ ಹಾಗೇ ಕೂತಿದ್ದಳು, ಬಂಗಾರದ ಮುಳ್ಳು ಥಳಥಳ ಹೊಳೆಯುತ್ತಿತ್ತು. ಸದ್ಯ, ಇವಳಾದರೂ ಉಳಿದಳಲ್ಲ ಎಂದು ಬೆರಳಿನಿಂದ ಮೆಲ್ಲಗೆ ಒತ್ತಿದ. ಬೆರಳು ಒಳಗೆ ಹೋಯಿತು.

ಅವತ್ತು ಸಂಜೆ ಸುಶೀಲವ್ವ ಕೇಳಿದಳು. “ಗುಂಡವ್ವ ಹೆಂಗದಾಳ್ರಿ?”

“ಗಟ್ಟಿ ಅದಾಳ.”

“ಉಳದವು?”

“ಅವೂ ಅದಾವು. ಅದರಾಗೊಂದು ಹೂ ಬಿಡಾಕತ್ತೈತಿ,” ಎಂದುಬಿಟ್ಟ. ಬಾಯಿಗೆ ಎಲ್ಲಿಂದ ಬಂತೋ ಆ ಮಾತು!

ಅವಳ ಕಣ್ಣು ಅರಳಿತು. “ಹೌದಾ? ನೋಡಬೇಕ್ರಿ ನಾ.”

ನೋಡಬೇಕು ಎಂದಳು! ಬೇಕು ಎಂದು ಬಾಯಿಬಿಟ್ಟು ಕೇಳಿದಳು. ಬೆಳಗಾಗುವುದನ್ನೇ ಕಾದು ಹಾಲಸಿದ್ದಪ್ಪ ರಾಣೇಬೆನ್ನೂರಿಗೆ ಓಡಿದ. ಹೈವೇ ಬದಿಯ ನರ್ಸರಿಯೊಂದರಲ್ಲಿ ಸಾಲಾಗಿ ಇಟ್ಟಿದ್ದರು, ಒಂದೊಂದರ ನೆತ್ತಿಯ ಮೇಲೂ ಒಂದೊಂದು ಹೂವು. ಅವನಿಗೆ ಅವು ದೇವರೇ ಕಳಿಸಿದಂತೆ ಕಂಡವು. ಒಂದನ್ನು ಅವಳ ಹಳೆಯ ಮಣ್ಣಿನ ಕುಂಡಕ್ಕೆ ತಾನೇ ಬದಲಿಸಿದ. ಅಭ್ಯಾಸವಿಲ್ಲದ ಕೈ, ಅಂಗೈ ತುಂಬ ಮುಳ್ಳು ಮುರಿಯಿತು.

ಸುಶೀಲವ್ವ ಹೂವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಗಂಡನ ಮುಖವನ್ನು ಅದಕ್ಕಿಂತ ಹೆಚ್ಚು ಹೊತ್ತು ನೋಡಿದಳು.

“ಇದು ಮ್ಯಾಲಿಂದರೀ?”

“ಹೌದು, ಟಾಕಿ ಕಡೇದು.”

“ಭಾಳ ಚಂದ ಬಿಟ್ಟೈತಿ,” ಅಂದಳು. “ಎಲ್ಲಿ, ನಿಮ್ಮ ಕೈ ತರ್ರಿ ಇಲ್ಲೆ.”

ಚೀಲದಿಂದ ಚಿಮಟಿಗೆ ತೆಗೆಸಿಕೊಂಡು, ಅವನ ಅಂಗೈಯ ಮುಳ್ಳುಗಳನ್ನು ಒಂದೊಂದಾಗಿ ಕಿತ್ತಳು. ಅಷ್ಟಕ್ಕೇ ಅವಳ ಹಣೆ ಬೆವರಿತು. ಮುಗಿಸಿ ಚಿಮಟಿಗೆಯನ್ನು ದಿಂಬಿನ ಕೆಳಗಿಟ್ಟುಕೊಂಡು, “ಇದನ್ನ ಇಲ್ಲೇ ಕಿಡಕ್ಯಾಗ ಇಡ್ರಿ, ನನ್ನ ಕೈಗೆ ಎಟಕೂವಂಗ,” ಅಂದಳು. ಸ್ವಲ್ಪ ಹೊತ್ತಿನ ಮೇಲೆ, ಕಣ್ಣು ಮುಚ್ಚಿಕೊಂಡೇ ಇನ್ನೊಂದು ಮಾತು ಸೇರಿಸಿದಳು: “ಮತ್ತ ನೀರ ಹಾಕಬ್ಯಾಡ್ರಿ, ನನ್ನ ಮ್ಯಾಲ ಆಣಿ.”

ಆಣೆ ಮೀರಿಯೂ ಅವನು ಕದ್ದು ಒಂದೆರಡು ಸಲ ಚಿಮುಕಿಸಿದ. ನೀರು ಬಿದ್ದರೆ ಹೂವು ಮುಚ್ಚಿಕೊಳ್ಳುತ್ತಿತ್ತು, ಬಿಸಿಲಿಗೆ ಮತ್ತೆ ಅರಳುತ್ತಿತ್ತು. ಜೀವಂತ ಹೂವು! ತಾನು ಕೊಟ್ಟ ಒಂದಾದರೂ ಅವಳ ಪಕ್ಕದಲ್ಲಿ ಬದುಕಿದೆ ಎಂದು ಅವನು ಹಿಗ್ಗಿದ.

---

ರುದ್ರಭೂಮಿಯಲ್ಲಿ ಕುಣಿಯೊಳಗೆ ಅವಳನ್ನು ಕೂರಿಸಿದರು. ಸ್ವಾಮಿಗಳು ಮಂತ್ರ ಹೇಳಿದರು. ವಿಭೂತಿ, ಬಿಲ್ವಪತ್ರೆ, ಆಮೇಲೆ ಮಣ್ಣು. ಹಾಲಸಿದ್ದಪ್ಪ ಮೂರು ಹಿಡಿ ಹಾಕಿ ನಾಲ್ಕನೆಯದಕ್ಕೂ ಬಗ್ಗಿದ. ಮಗ ರಟ್ಟೆ ಹಿಡಿದು ಎಳೆದ. ಕಿವಿ ಮುಚ್ಚುವವರೆಗೆ ಹಾಕಬೇಕು ಎಂದು ಅವನು ಒದರಾಡಿದ್ದು ಯಾರಿಗೂ ಅರ್ಥವಾಗಲಿಲ್ಲ.

ಮುಗಿಯಿತು. ಅವಳಿಗೆ ಗೊತ್ತಾಗಲಿಲ್ಲ. ಇಷ್ಟು ದಿನ ಹಲ್ಲು ಕಚ್ಚಿ ಹಿಡಿದದ್ದು ಅದೊಂದಕ್ಕೇ. ಹಗುರಾಗಬೇಕಿತ್ತು, ಆಗಲಿಲ್ಲ. ಮನೆಗೆ ಬಂದು ಕಾಲು ತೊಳೆದು, ಅವಳನ್ನು ಕೂರಿಸಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪದ ಎದುರು ಗೋಡೆಗೆ ಒರಗಿ ಕೂತ. ನಂಟರು ಹೊರಗೆ ಶಾಮಿಯಾನದ ಕೆಳಗೆ ಚಾ ಕುಡಿಯುತ್ತಿದ್ದರು. ಅರುಣಾ ಟೀಚರು ಮತ್ತು ಮಹಮೂದಾಬೇಗಂ ದೀಪಕ್ಕೆ ಕೈಮುಗಿದು, ಸಾವಿನ ಮನೆಯಲ್ಲಿ ‘ಬರ್ತೇವಿ’ ಅನ್ನಬಾರದೆಂದು ಏನೂ ಹೇಳದೆ ಎದ್ದರು.

“ನಿಂದರ್ರಿ,” ಎಂದ ಹಾಲಸಿದ್ದಪ್ಪ. ಹೂವಿನ ಕುಂಡ ತಂದು ಮಹಮೂದಾಬೇಗಂಳ ಕೈಗಿಟ್ಟ. “ಇದನ್ನ ನೀವು ಒಯ್ರಿ. ನನ್ನ ಕೈಯಾಗ ಉಳ್ಯಂಗಿಲ್ಲ.”

ಕೈಗೆ ಬಂದದ್ದೇ ತಡ, ಅವಳ ಉಗುರು ತಾನಾಗಿ ಹೂವಿನ ಬುಡಕ್ಕೆ ಹೋಯಿತು.

“ಏ! ಏನ ಮಾಡಾಕತ್ತೀರಿ? ಅರಳಿದ್ದ ಹೂ ಕೀಳತೀರೇನು?”

ಮಹಮೂದಾಬೇಗಂ ಬೆಚ್ಚಿ ಕೈ ತೆಗೆದಳು. ಟೀಚರು ತಲೆ ತಗ್ಗಿಸಿದರು.

“ಅಣ್ಣಾರ,” ಎಂದಳು ಅವಳು ಮೆಲ್ಲಗೆ, “ಇದು ಈ ಗಿಡದ ಹೂವಲ್ರಿ. ಒಣಾ ಹೂ. ಬಿಸಿ ಗಮ್ಮ ಹಚ್ಚಿ ಅಂಟಸ್ತಾರ, ಮಂದಿ ಕೊಳ್ಳಲಿ ಅಂತ.”

“ಸುಳ್ಳ. ನೀರ ಹಾಕಿದ್ರ ಮುಚ್ಚತಿತ್ತು. ನನ್ನ ಕಣ್ಣಾರೆ ನೋಡೇನಿ.”

“ಈ ಜಾತಿ ಒಣಾ ಹೂವು ಹಂಗ ಮಾಡತಾವ್ರಿ. ಹಸಿಯಾದ್ರ ಮುಚ್ಚತಾವ, ಒಣಗಿದ್ರ ಬಿಚ್ಚತಾವ. ಜೀವಾ ಇರಂಗಿಲ್ಲ.”

ಹಾಲಸಿದ್ದಪ್ಪ ಕುಂಡವನ್ನು ಕಸಿದುಕೊಂಡು ಕಣ್ಣ ಹತ್ತಿರ ಹಿಡಿದ. ಪಕಳೆಗಳ ಕೆಳಗೆ ಗಮ್ಮಿನ ಒಂದು ಹನಿ ಗಟ್ಟಿಯಾಗಿ ಕೂತಿತ್ತು. ದೀಪದ ಬೆಳಕಿಗೆ ಅದು ಹೊಳೆಯಿತು. ಇಷ್ಟು ದಿನ ಇಲ್ಲೇ ಇತ್ತಲ್ಲ ಇದು! ಕಣ್ಣಿದ್ದೂ ಕುರುಡನಾದೆನಲ್ಲ!

“ಆಕಿಗೆ ಗೊತ್ತಾಗಿತ್ತೇನು?”

“ಅಂಥಾ ಜಡ್ಡಿನ್ಯಾಗ ಏನ ಗೊತ್ತಾಗತೈತ್ರಿ,” ಎಂದರು ಟೀಚರು ತಡಮಾಡದೆ. “ಬಿಡ್ರಿ ಅಣ್ಣಾರ.”

ಅವನು ಮಹಮೂದಾಬೇಗಂಳ ಕಡೆ ತಿರುಗಿದ. “ನೀವ ಹೇಳ್ರಿ. ಆಕಿ ಈಗ ಮಣ್ಣಾಗ ಅದಾಳ. ಇನ್ನ ಯಾರಿಗೆ ಅಂಜಬೇಕು? ಖರೇ ಹೇಳ್ರಿ.”

ಅವಳು ಟೀಚರ ಕಡೆ ನೋಡದೆ ಹೇಳಿದಳು. “ಸುಶೀಲಕ್ಕ ನಮ್ಮೂರಿಗೆ ಬಂದ್ರ ನರ್ಸರಿಯವ್ರು ಅಂಜತಿದ್ರು ಅಣ್ಣಾರ. ಚೀಲದಾಗ ಚಿಮಟಿಗಿ ಇಟಗೊಂಡ ಬರ್ತಿದ್ಲು. ಒಂದೊಂದ ಕುಂಡದ ಮುಂದ ಕುಂತು ಇಂಥಾ ಹೂ ಕಿತ್ತಿದ್ದ ಕಿತ್ತಿದ್ದು. ನೆತ್ತಿ ಸುಟ್ಟ ಅಂಟಸೀರಲ್ಲಾ, ಗಿಡ ಹೆಂಗ ಬೆಳೀಬೇಕು ಅಂತ ಜಗಳಾ ತಗೀತಿದ್ಲು. ಇಂಥಾದ್ದ ಕಂಡ್ರ ಒಂದ ನಿಮಿಷ ಸಹಿತ ಬಿಡತಿರಲಿಲ್ಲ.”

“ಚಿಮಟಿಗಿ ದಿಂಬಿನ ಬುಡಕ ಇತ್ತು,” ಎಂದ ಹಾಲಸಿದ್ದಪ್ಪ.

ಕುಂಡವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಅಲ್ಲಿದ್ದ ಚಿಮಟಿಗೆಯನ್ನು ಎತ್ತಿಕೊಂಡ.

“ಗಿಡಾ ಕೈಗೆ ಎಟಕೂವಂಗ ಇಡಸ್ಕೊಂಡ್ಲು. ಚಿಮಟಿಗಿ ದಿಂಬಿನ ಬುಡಕ ಇಟಗೊಂಡ್ಲು. ಕೀಳಲಿಲ್ಲ!” ಅವನ ದನಿ ಏರಿತು. “ಎಲ್ಲಾ ಗೊತ್ತಿತ್ತು ಆಕಿಗೆ. ಇದು ಮ್ಯಾಲಿಂದಲ್ಲ ಅನ್ನೂದು ಗೊತ್ತಿತ್ತು. ಮ್ಯಾಲ ಒಂದೂ ಉಳದಿಲ್ಲ ಅನ್ನೂದೂ ಗೊತ್ತಿತ್ತು. ದಿನಾ ಇದರ ಮಾರಿ ನೋಡಕೋತ ಮಲಗಿದ್ಲು, ನನ್ನ ಸಲುವಾಗಿ. ಬೈಬಾರದೇನು? ಒಂದ ಮಾತ ಬೈದಿದ್ರ ನನಗೇನ ಆಗತಿತ್ತು!”

“ಅಣ್ಣಾರ, ಮ್ಯಾಲ ಒಂದೂ ಉಳದಿಲ್ಲಂದ್ರ?” ಎಂದರು ಟೀಚರು.

ಅವನು ಒಳಜೇಬಿನಿಂದ ಕೀಲಿ ತೆಗೆದು ಮೆಟ್ಟಿಲು ಹತ್ತಿದ. ಮೇಲೆ ಬೀಗ ಕಳಚಿ ಬಿದ್ದ ಸದ್ದು ಕೇಳಿತು. ಕೊಳೆತ ವಾಸನೆ ಮೆಟ್ಟಿಲಿಳಿದು ಪಡಸಾಲೆಗೆ ಬಂತು. ಅದರ ಹಿಂದೆಯೇ ಹಾಲಸಿದ್ದಪ್ಪ ಬಂದ, ಎರಡು ಕೈಯಲ್ಲೂ ಗುಂಡವ್ವನನ್ನು ತಾಟಿನ ಸಮೇತ ಎದೆಗವಚಿಕೊಂಡು. ಮುಳ್ಳುಗಳು ಬಿಳಿ ಅಂಗಿಯೊಳಗೆ ನಾಟಿದ್ದವು. ಒಂದು ಪಕ್ಕ ಕುಸಿದು, ಒಳಗಿನ ಕಂದು ಲೋಳೆ ಅವನ ಹೊಟ್ಟೆಯ ಮೇಲೆ ಇಳಿಯುತ್ತಿತ್ತು. ಹೊರಗಿನಿಂದ ಓಡಿಬಂದ ವೀರೇಂದ್ರ ಅಪ್ಪಾ ಎಂದವನು ಹೊಸ್ತಿಲಲ್ಲೇ ನಿಂತುಬಿಟ್ಟ.

ಹಾಲಸಿದ್ದಪ್ಪ ದೀಪದ ಮುಂದೆ ಬಂದು ಮಂಡಿಯೂರಿದ. ಕುಂಡವನ್ನು ಅರುಣಾ ಟೀಚರ ಕಾಲ ಹತ್ತಿರ ಇಟ್ಟ.

“ಫೀಜ ತಂದೇನ್ರಿ ಅಕ್ಕಾರ,” ಎಂದ. “ನನ್ನೂ ಸೇರಸ್ಕೋರ್ರಿ.”

ಟೀಚರಿಗೆ ದುಃಖ ಉಕ್ಕಿ ಬಂತು. ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮಹಮೂದಾಬೇಗಂ ಅವರ ಭುಜದ ಮೇಲೆ ಕೈಯಿಟ್ಟಳು. ಕಡೆಗೆ ಅವರು ಸೆರಗು ತೆಗೆದು, ಬಳಗಕ್ಕೆ ಬಂದ ಎಲ್ಲರನ್ನೂ ಕೇಳುವ ಮಾತನ್ನೇ ಕೇಳಿದರು.

“ಹೆಂಗ ಕೊಂದ್ರಿ?”

ಅವನು ಬಗ್ಗಿ, ಗುಂಡವ್ವನ ಕುಸಿದ ಪಕ್ಕಕ್ಕೆ ಎರಡೂ ಅಂಗೈ ಆನಿಸಿದ.

“ನೀರ ಹಾಕಿದ್ನಿರಿ.”

ಗುಂಡವ್ವ ಒಂದು ಕಡೆಗೆ ವಾಲಿದಳು, ಕುಂಡವೂ ವಾಲಿತು. ತಳದ ತಾಟಿನಲ್ಲಿ ನಿಂತಿದ್ದ ನೀರು ಅಂಚು ದಾಟಿ, ಸಾರಿಸಿದ ನೆಲದ ಮೇಲೆ ಸುಶೀಲವ್ವನ ದೀಪದ ಕಡೆಗೆ ಹರಿಯತೊಡಗಿತು. ಹಾಲಸಿದ್ದಪ್ಪ ಬಗ್ಗಿ, ಮುಳ್ಳು ಮುರಿದ ಎರಡೂ ಅಂಗೈಯನ್ನು ನೀರಿಗೆ ಅಡ್ಡ ಇಟ್ಟ. ನೀರು ಬೆರಳ ಸಂದಿಯಿಂದ ದಾರಿ ಮಾಡಿಕೊಂಡು ಮುಂದಕ್ಕೆ ಹೋಗುತ್ತಲೇ ಇತ್ತು.